ಮೊದಲ ಎಲೆ

“ಗುರುಗಳೇ, ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಲ್ಲು ಎಂದು ಗೆಳತಿಯರು ಬೆನ್ನು ಹತ್ತಿದ್ದಾರೆ. ಗೆದ್ದವರಿಗೆ ವಿಶ್ವವಿದ್ಯಾಲಯದ ದೊಡ್ಡವರ ಸಭೆಯಲ್ಲಿ ಒಂದು ಕುರ್ಚಿ ಸಿಗುತ್ತದೆ. ಆದರೆ ಆ ಕುರ್ಚಿಯಲ್ಲಿ ಕುಳಿತವರೆಲ್ಲ ಬಾಯಿಗೆ ಬೀಗ ಹಾಕಿಕೊಂಡದ್ದನ್ನೇ ನೋಡಿದ್ದೇನೆ. ನಾನು ಹೋಗಲೋ ಬೇಡವೋ?” ಎಂದು ನೀಲಾಂಬಿಕೆ ಕೇಳಿದಳು.

“ಹೋಗು ಎಂದರೆ ಹೆದರುತ್ತೀಯ, ಬೇಡ ಎಂದರೆ ಕೊರಗುತ್ತೀಯ. ಸುಮ್ಮನೆ ಕತೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಂದು ವಿದ್ಯಾಶಾಲೆಯಿತ್ತು. ಅಲ್ಲಿ ಗುರುಗಳೂ ವಿದ್ಯಾರ್ಥಿಗಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಮೊದಲ ಎಲೆಯ ಮುಂದೆ ಒಬ್ಬ ವಿದ್ಯಾರ್ಥಿಯನ್ನು ಕೂರಿಸುತ್ತಿದ್ದರು. ಅವನು ತುತ್ತೆತ್ತುವ ತನಕ ಯಾರೂ ಅನ್ನ ಮುಟ್ಟುವಂತಿಲ್ಲ. ಎಲೆಯ ಮುಂದೆ ಕುಳಿತವನನ್ನು ಎಬ್ಬಿಸುವುದಂತೂ ಮಹಾಪಾಪ.

ಬಡಿಸುವವನು ಮುಂದಿನವರಿಗೆ ಸೌಟನ್ನು ತಳಕ್ಕೆ ಇಳಿಸಿ ಗಟ್ಟಿ ಬೇಳೆ ಹಾಕುತ್ತಿದ್ದ. ಪಂಕ್ತಿಯ ಕೊನೆ ಮುಟ್ಟುವ ಹೊತ್ತಿಗೆ ಪಾತ್ರೆಗೆ ಬಿಸಿನೀರು ಸುರಿಯುತ್ತಿದ್ದ. ಕೊನೆಯಲ್ಲಿ ಕೂರುವವರು ಆ ವರ್ಷ ಸೇರಿದ ಹೊಸಬರು. ಪಾಪ, ಅರೆಹೊಟ್ಟೆಯಲ್ಲಿ ಪಾಠ ಎಲ್ಲಿಂದ ತಲೆಗೆ ಹತ್ತೀತು! ಕೆಲವರು ಓದು ಬಿಟ್ಟು ಊರಿಗೆ ನಡೆದರು. ಉಳಿದವರೂ ಗಂಟುಮೂಟೆ ಕಟ್ಟುವ ಯೋಚನೆಯಲ್ಲಿದ್ದರು. ಹೋಗುವ ಮುಂಚೆ ಒಮ್ಮೆ ಕೇಳಿಯೇ ನೋಡೋಣವೆಂದು ತಮ್ಮಲ್ಲೇ ಒಬ್ಬ ಮಾತುಗಾರನನ್ನು ಊಟದ ಉಸ್ತುವಾರಿ ನೋಡುತ್ತಿದ್ದ ಪಾರುಪತ್ಯಗಾರನ ಬಳಿಗೆ ಕಳಿಸಿದರು.

ಪಾರುಪತ್ಯಗಾರ ಪಳಗಿದ ಆಸಾಮಿ. ಸಿಟ್ಟಾಗಲಿಲ್ಲ. “ಅಯ್ಯೋ, ನಿನ್ನಂಥ ಜಾಣ ಕೊನೆಯಲ್ಲಿ ಕೂರುವುದೇ? ನಾಳೆಯಿಂದ ಮೊದಲ ಎಲೆ ನಿನ್ನದು” ಎಂದು ಬೆನ್ನು ತಟ್ಟಿದ.

ಮರುದಿನ ಅವನ ಎಲೆಗೆ ಗಟ್ಟಿ ಬೇಳೆ ಬಿತ್ತು, ಮೇಲೆ ತುಪ್ಪವೂ ಬಿತ್ತು. ಅಷ್ಟು ದಿನದ ಹಸಿವು ಕೇಳಬೇಕಲ್ಲ! ಗಬಗಬನೆ ಉಂಡ. ಅದರ ಮರುದಿನವೂ ಉಂಡ. ಕೈ ತೊಳೆಯುವಲ್ಲಿ ಗೆಳೆಯರು ಸುತ್ತುವರಿದು, ನಮ್ಮ ಮಾತು ಏನಾಯಿತು ಎಂದು ಕೇಳಿದರು.

“ಈಗ ಸಾರು ಎಷ್ಟೋ ವಾಸಿ ಅಲ್ಲವೇ?” ಎಂದ.

ಅವರು ಬೈಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಆಗ ಅವನಿಗೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಮಾರನೆಯ ದಿನ ಅವನು ಮೊದಲ ಎಲೆ ಬಿಟ್ಟು ಕೊನೆಗೆ ಬಂದು ಕೂರಲು ನೋಡಿದ. ಹೊಸಬರು ಜಾಗ ಕೊಡಲಿಲ್ಲ. “ನೀನೂ ಇಲ್ಲಿ ನೀರು ಕುಡಿದರೆ ನಮ್ಮ ಹೊಟ್ಟೆ ತುಂಬುತ್ತದೆಯೇ, ಮಾರಾಯ? ಅಲ್ಲಿಗೇ ಹೋಗು” ಎಂದರು. ಅವನು ತಿರುಗಿ ಹೋಗಿ ಮೊದಲ ಎಲೆಯ ಮುಂದೆ ಕುಳಿತ. ಬಡಿಸಿದ್ದಾಯಿತು, ಪ್ರಾರ್ಥನೆಯೂ ಮುಗಿಯಿತು. ಅವನು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡ.

ಪಂಕ್ತಿಯೆಲ್ಲ ಕಾಯಿತು. ತುಪ್ಪದ ಪರಿಮಳಕ್ಕೆ ಅವನ ಹೊಟ್ಟೆ ಚುರುಗುಟ್ಟಿತು. ಆದರೂ ಕೈ ಎತ್ತಲಿಲ್ಲ.

“ಏನೋ, ಹಸಿವಿಲ್ಲವೇ?” ಎಂದು ಪಾರುಪತ್ಯಗಾರ ಗದರಿದ.

“ಪ್ರಾಣ ಹೋಗುವಷ್ಟಿದೆ. ಕೊನೆಯ ಎಲೆಗೆ ಬೇಳೆ ಬೀಳಲಿ, ಉಣ್ಣುತ್ತೇನೆ.”

ಪಾರುಪತ್ಯಗಾರ ಕಣ್ಣು ಕೆಂಪಗೆ ಮಾಡಿದ, ಬೆದರಿಸಿದ, ಕಡೆಗೆ ಪುಸಲಾಯಿಸಿದ. ಎಬ್ಬಿಸುವಂತಿಲ್ಲ, ಬಾಯಿಗೆ ತುರುಕುವಂತಿಲ್ಲ. ಅನ್ನ ಆರಿತು. ಹಸಿದ ಗುರುಗಳಿಗೆ ರೇಗಿತು. ಅವರಲ್ಲಿ ಹಿರಿಯರೊಬ್ಬರು ಎದ್ದು ಪಂಕ್ತಿಯ ಕೊನೆಯವರೆಗೂ ನಡೆದರು. ಅಷ್ಟು ವರ್ಷಗಳಲ್ಲಿ ಅವರು ಆ ಕಡೆ ಹೋದದ್ದು ಅದೇ ಮೊದಲು. ಅಲ್ಲಿನ ಎಲೆಗಳನ್ನು ನೋಡಿ ಅವರ ಮುಖ ಕಪ್ಪಿಟ್ಟಿತು. ಬೇಳೆ ಮತ್ತೆ ಬೇಯಲಿ, ಅಲ್ಲಿಯವರೆಗೆ ಯಾರೂ ಉಣ್ಣುವುದು ಬೇಡ ಎಂದು ಅಲ್ಲೇ ಹೊಸಬರ ಪಕ್ಕದಲ್ಲಿ ಕುಳಿತುಬಿಟ್ಟರು. ಹೊತ್ತು ಮೀರಿತು. ಕೊನೆಯ ಎಲೆಗೆ ಗಟ್ಟಿ ಬೇಳೆ ಬಿದ್ದ ಮೇಲೆ ಅವನು ಮೊದಲ ತುತ್ತೆತ್ತಿದ.

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕೆ, “ಹಾಗಾದರೆ ಕೊಟ್ಟ ಕುರ್ಚಿಯಲ್ಲಿ ಕೂರಬಹುದೇ?” ಎಂದಳು.

“ಧಾರಾಳವಾಗಿ ಕುಳಿತುಕೋ ತಾಯಿ, ನಿನ್ನ ಹಸಿವನ್ನು ಮಾತ್ರ ಅವರ ಕೈಗೆ ಕೊಡಬೇಡ.”