ಚಿನ್ನದ ಕಲ್ಲು ನುಂಗಿದ ಬಾತು

ಬಹಳ ದೂರ, ಬಡಗಣ ದಿಕ್ಕಿನ ಬೆಟ್ಟಗಳ ಆಚೆ, ಅರ್ಧ ವರ್ಷ ಹೆಪ್ಪುಗಟ್ಟಿ ಮಲಗುವ ಒಂದು ಹೊಳೆಯಿದೆ. ಬೇಸಿಗೆಯಲ್ಲಿ ಮಂಜು ಕರಗಿ ಹೊಳೆಗೆ ಎಚ್ಚರವಾದರೆ ಸಾಕು, ಕಾಡುಬಾತುಗಳ ಹಿಂಡೊಂದು ಅದರ ದಂಡೆಗೆ ಬಂದಿಳಿಯುತ್ತದೆ.

ಆ ಹಿಂಡಿನಲ್ಲಿ ಇಣುಕಿ ಎಂಬ ಎಳೆಯ ಬಾತು ಇದ್ದಳು. ಹೆಸರಿಗೆ ತಕ್ಕ ಹಾಗೆ ಎಲ್ಲದರೊಳಗೂ ಇಣುಕುವುದೇ ಅವಳ ಕೆಲಸ. ಜೇನುಗೂಡಿನೊಳಗೆ ಇಣುಕಿ ಕೊಕ್ಕು ಊದಿಸಿಕೊಂಡು ಬಂದಿದ್ದಳು. ಆದರೂ ಬುದ್ಧಿ ಬಂದಿರಲಿಲ್ಲ.

ಮಕ್ಕಳೇ, ಬಾತಿಗೆ ಹಲ್ಲಿಲ್ಲ, ಗೊತ್ತಲ್ಲ? ಹಾಗಾದರೆ ಕಾಳು ಅಗಿಯುವುದು ಹೇಗೆ? ಅದು ಒರಟು ಮರಳನ್ನೂ ಸಣ್ಣ ಕಲ್ಲುಗಳನ್ನೂ ನುಂಗುತ್ತದೆ. ಅವು ಹೊಟ್ಟೆಯೊಳಗೆ ಕೂತು ಬೀಸುವ ಕಲ್ಲಿನ ಹಾಗೆ ಕಾಳನ್ನು ನುರಿಯುತ್ತವೆ. ಸವೆದ ಕಲ್ಲು ಹಿಕ್ಕೆಯ ಜೊತೆ ಹೊರಗೆ ಹೋಗುತ್ತದೆ. ಆಮೇಲೆ ಹೊಸದನ್ನು ನುಂಗಬೇಕು. ಅದಕ್ಕೇ ಹಿಂಡಿನ ಹಿರಿಯಳಾದ ಬೂದತ್ತೆ ಎಳೆಯರಿಗೆ ಮೊದಲು ಕಲಿಸುತ್ತಿದ್ದದ್ದು ಕಲ್ಲು ಆರಿಸುವುದನ್ನು. "ಚೂಪು ಮೂಲೆ ಇರೋ ಕಲ್ಲು ನುಂಗ್ರೇ, ನುಣ್ಣಗಿರೋದು ಬೇಡ" ಎನ್ನುತ್ತಿದ್ದಳು.

ಆ ಬೇಸಿಗೆ ಹೊಳೆಯ ತಿರುವಿಗೆ ಒಬ್ಬ ಮನುಷ್ಯ ಬಂದ. ಅವನ ಕೈಯಲ್ಲೊಂದು ಅಗಲವಾದ ತಟ್ಟೆ. ಅದರ ತುಂಬ ಮರಳು ತೋಡಿಕೊಂಡು, ನಿಮ್ಮಮ್ಮ ಕಲ್ಲು ತೆಗೆಯಲು ಅಕ್ಕಿ ಜಾಲಿಸುತ್ತಾರಲ್ಲ, ಹಾಗೆ ನೀರಿನಲ್ಲಿ ಆಡಿಸಿ ಆಡಿಸಿ ಚೆಲ್ಲುತ್ತಿದ್ದ. ಕೊನೆಗೆ ತಟ್ಟೆಯ ತಳದಲ್ಲಿ ನಾಲ್ಕಾರು ಹಳದಿ ಹರಳು ಉಳಿದರೆ ಅವನ ಮುಖ ಅರಳುತ್ತಿತ್ತು. ಅವನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ತಲೆಯಡಿಗೆ ಇಟ್ಟುಕೊಂಡೇ ಮಲಗುತ್ತಿದ್ದ.

ಇಣುಕಿಗೆ ತಡೆಯಲಾಗಲಿಲ್ಲ. ದಂಡೆಯ ಬಿಲದಲ್ಲಿದ್ದ ನೀರುನಾಯಿ ನುಣ್ಣಪ್ಪನ ಬಳಿಗೆ ಓಡಿದಳು.

"ನುಣ್ಣಪ್ಪಣ್ಣ, ಅವನು ಅಷ್ಟು ಮರಳು ಚೆಲ್ಲಿ ಇಷ್ಟೇ ಇಷ್ಟು ಇಟ್ಕೋತಾನಲ್ಲ, ಏನದು?"

"ಅದಾ? ಚಿನ್ನ ಅಂತಾರಪ್ಪ."

"ಎಲ್ಲಿಂದ ಬರುತ್ತೆ?"

"ಮೇಲಿನ ಬೆಟ್ಟದಿಂದ. ಚಳಿಗೆ ಬಂಡೆ ಬಿರಿಯುತ್ತೆ, ಅದರೊಳಗಿನ ಚಿನ್ನಾನ ಹೊಳೆ ಹೊತ್ಕೊಂಡು ಬರುತ್ತೆ."

"ಮತ್ತೆ ಈ ತಿರುವಿನಲ್ಲೇ ಯಾಕೆ ಹುಡುಕ್ತಾನೆ?"

"ಅಯ್ಯೋ, ನಿನ್ನ ಪ್ರಶ್ನೆ ಮುಗಿಯೋದೇ ಇಲ್ವಲ್ಲ! ಚಿನ್ನ ಬಲು ಭಾರ ಕಣಮ್ಮ. ತಿರುವಿನ ಒಳಮಗ್ಗುಲಲ್ಲಿ ನೀರಿನ ರಭಸ ಕಮ್ಮಿ. ಹೊರಲಾರದೆ ಹೊಳೆ ಅಲ್ಲಿ ಕೆಳಗಿಳಿಸಿಬಿಡುತ್ತೆ. ದೊಡ್ಡ ಕಲ್ಲಿನ ಹಿಂದೆ ಕೆದಕಿ ನೋಡು, ನಿಂಗೂ ಸಿಗುತ್ತೆ."

ಇಣುಕಿ ಮುಳುಗಿ ಕೆದಕಿದಳು. ಸಿಕ್ಕೇಬಿಟ್ಟಿತು! ಹಳದಿ ಹರಳೊಂದನ್ನೂ ಅಷ್ಟೇ ಗಾತ್ರದ ಮಾಮೂಲಿ ಕಲ್ಲೊಂದನ್ನೂ ಕೊಕ್ಕಿನಲ್ಲಿ ಹಿಡಿದು, ಹರಿಯುವ ನೀರಿನಲ್ಲಿ ಒಟ್ಟಿಗೆ ಬಿಟ್ಟಳು. ಕಲ್ಲು ನೀರಿನ ಜೊತೆ ಮುಂದಕ್ಕೆ ಹೋಯಿತು, ಹರಳು ನೆಟ್ಟಗೆ ತಳಕ್ಕಿಳಿಯಿತು. ಖುಷಿಯಿಂದ ಮತ್ತೆ ಮತ್ತೆ ಹಾಗೇ ಮಾಡಿ ನೋಡಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಜಾಣೆ ಎನ್ನಬಹುದಿತ್ತು.

"ಮನುಷ್ಯನೇ ಇಷ್ಟು ಜೋಪಾನ ಮಾಡ್ತಾನೆ ಅಂದ್ಮೇಲೆ ಇದಕ್ಕಿಂತ ಒಳ್ಳೆ ಕಲ್ಲು ಇನ್ಯಾವುದು?" ಎಂದು ಹರಳನ್ನು ಗುಳುಂ ಮಾಡಿದಳು. ಮರುದಿನ ಇನ್ನಷ್ಟು. ಒರಟು ಕಲ್ಲನ್ನು ಮೂಸುವುದನ್ನೂ ಬಿಟ್ಟಳು. "ನೀವೆಲ್ಲ ಬರೀ ಕಲ್ಲು ತಿನ್ನಿ" ಎಂದು ಗೆಳತಿಯರ ಮುಂದೆ ಕತ್ತು ಕೊಂಕಿಸಿದಳು.

ಆದರೆ ಚಿನ್ನ ನುಣುಪು, ಮೇಲಾಗಿ ಮೆತ್ತಗೆ. ಅದು ಕಾಳನ್ನು ನುರಿಯುವುದಾದರೂ ಹೇಗೆ? ಇಣುಕಿ ಎಷ್ಟು ತಿಂದರೂ ಮೈಗೆ ಹತ್ತಲಿಲ್ಲ. ರೆಕ್ಕೆ ಸೊರಗಿತು, ಹೊಟ್ಟೆ ಮಾತ್ರ ಕಲ್ಲುಗುಂಡಿನಷ್ಟು ಭಾರವಾಯಿತು.

ಅಷ್ಟರಲ್ಲಿ ಚಳಿ ಬಂತು. ಹೊಳೆಯ ಅಂಚು ಹೆಪ್ಪುಗಟ್ಟತೊಡಗಿತು. ತೆಂಕಣದ ಬೆಚ್ಚನೆಯ ನಾಡಿಗೆ ಹೊರಡಲು ಹಿಂಡು ಮೇಲೆದ್ದಿತು. ಇಣುಕಿಯೂ ನೀರಿನ ಮೇಲೆ ಓಡಿ ರೆಕ್ಕೆ ಬಡಿದಳು. ಧೊಪ್ಪನೆ ಬಿದ್ದಳು. ಮತ್ತೆ ಓಡಿದಳು, ಮತ್ತೆ ಬಿದ್ದಳು. ಆಚೆ ದಂಡೆಯಲ್ಲಿ ನರಿಯೊಂದು ಹಿಮಗಡ್ಡೆ ಗಟ್ಟಿಯಾಗುವುದನ್ನೇ ಕಾಯುತ್ತ ಕೂತಿತ್ತು. ಇಣುಕಿ ಕತ್ತೆತ್ತಿ ಕೂಗಿದಳು.

"ಅತ್ತೇ! ನನ್ನ ಬಿಟ್ಟು ಹೋಗ್ಬೇಡಿ!"

ಹಿಂಡನ್ನು ಮುಂದೆ ಕಳಿಸಿ ಬೂದತ್ತೆ ಕೆಳಗಿಳಿದಳು. ಕೊಕ್ಕಿನಿಂದ ಇಣುಕಿಯ ಹೊಟ್ಟೆ ಒತ್ತಿ ನೋಡಿದಳು.

"ಏನೇ ನುಂಗಿದೀಯ?"

"ಚಿನ್ನ, ಅತ್ತೆ."

"ಯಾಕೆ?"

ಎಲ್ಲರನ್ನೂ ಪ್ರಶ್ನೆ ಕೇಳುತ್ತಿದ್ದ ಇಣುಕಿ, ಈ ಒಂದು ಪ್ರಶ್ನೆಯನ್ನು ಮಾತ್ರ ತನಗೆ ತಾನೇ ಕೇಳಿಕೊಂಡಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಅಳತೊಡಗಿದಳು.

"ಸರಿ, ಅಳೋದು ಆಮೇಲೆ. ಮೂಲೆ ಇರೋ ಕಲ್ಲು ಹುಡುಕು, ನುಂಗು!" ಎಂದಳು ಬೂದತ್ತೆ.

ಇಬ್ಬರೂ ಹಿಮ ಕೆದಕಿ ಒರಟು ಕಲ್ಲು ಹೆಕ್ಕಿದರು. ಅವು ಒಳಗೆ ಸೇರಿದ ಹಾಗೆ ಕಾಳು ನುರಿಯಿತು, ರೆಕ್ಕೆಗೆ ಕಸುವು ಬಂತು, ಹಳದಿ ಹರಳುಗಳು ಹಿಕ್ಕೆಯ ಜೊತೆ ಒಂದೊಂದೇ ದಂಡೆಗೆ ಬಿದ್ದವು. ಇತ್ತ ಹಿಮಗಡ್ಡೆ ದಿನದಿನಕ್ಕೂ ಹಬ್ಬುತ್ತಿತ್ತು, ನರಿ ದಿನವೂ ಗಡ್ಡೆಯ ಅಂಚನ್ನು ಒತ್ತಿ ನೋಡುತ್ತಿತ್ತು. ಹೊಳೆಯ ನಡುವೆ ನೀರು ಒಂದು ಕಾಲುದಾರಿಯಷ್ಟು ಉಳಿದಾಗ ನರಿ ಗಡ್ಡೆಯ ಮೇಲೆ ಕಾಲಿಟ್ಟಿತು. ಇಣುಕಿ ಆ ನೀರಿನ ಮೇಲೆಯೇ ಓಡಿದಳು, ರೆಕ್ಕೆ ಬಡಿದಳು, ಎದ್ದಳು! ಬೂದತ್ತೆಯ ಪಕ್ಕದಲ್ಲಿ ಹಾರಿಹೋದಳು.

ಗಂಟುಮೂಟೆ ಕಟ್ಟುತ್ತಿದ್ದ ಮನುಷ್ಯ ದಂಡೆಯ ಮೇಲೆ ಮಿನುಗುವ ಹಿಕ್ಕೆ ಕಂಡು ಬಾಯಿ ಬಿಟ್ಟುಕೊಂಡು ನಿಂತ.

ಮುಂದಿನ ಬೇಸಿಗೆ ಹಿಂಡು ಮರಳಿ ಬಂದಾಗ ಅವನು ಹೊಳೆಯ ಮರಳನ್ನು ಮುಟ್ಟಲೇ ಇಲ್ಲ. ತಟ್ಟೆ ಹಿಡಿದುಕೊಂಡು ಬಾತುಗಳ ಹಿಂದೆ ಹಿಂದೆಯೇ ಅಲೆದ.

"ಅತ್ತೆ, ಅವನು ನಮ್ಮ ಹಿಕ್ಕೆ ಯಾಕೆ ಜಾಲಿಸ್ತಿದಾನೆ?"

"ಹೋಗಿ ಕೇಳ್ಕೊಂಡು ಬಾ."

"ಕೇಳ್ತೀನಿ ಅತ್ತೆ, ಮೊದಲು ಹೊಟ್ಟೆಪಾಡು ನೋಡ್ಕೋತೀನಿ" ಎಂದ ಇಣುಕಿ, ಮೂಲೆಯಿದ್ದ ಒಂದು ಒರಟು ಕಲ್ಲನ್ನು ಆರಿಸಿ ನುಂಗಿದಳು.

ನೀತಿ: ಏನು, ಎಲ್ಲಿಂದ ಎಂದು ಕೇಳಿ ತಿಳಿಯುವುದು ಒಳ್ಳೆಯದು, ಆದರೆ ಬೇರೆಯವರು ಜೋಪಾನ ಮಾಡುವುದನ್ನು ನಾವೂ ಬಾಚಿಕೊಳ್ಳುವ ಮೊದಲು, ಅದು ನಮಗೆ ಯಾತಕ್ಕೆ ಎಂದೂ ಕೇಳಿಕೊಳ್ಳಬೇಕು.