ಉಳಿದ ಎಪ್ಪತ್ತೆಂಟು ಮಣಿ

ನದಿ ದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿನ ಅಜ್ಜಾರಿಗೆ ಒಬ್ಬನೇ ಶಿಷ್ಯ, ಕಲ್ಲಿನಾಥ.

ಆ ಮಠದಲ್ಲಿ ಜಪದ ಜೊತೆಗೆ ಇನ್ನೊಂದು ಪಾಠವಿತ್ತು. ಸ್ನಾನಕ್ಕಿಳಿದವರು ಮುಳುಗಿದರೆ ಏನು ಮಾಡಬೇಕು ಅನ್ನುವುದು. ಅಜ್ಜಾರು ಹೊಟ್ಟು ತುಂಬಿದ ಚೀಲ ಮಲಗಿಸಿ ಕಲಿಸಿದ್ದರು. ಎದೆಯ ನಡುವೆ ಮೂವತ್ತು ಸಲ ಒತ್ತು. ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಊದು. ಮತ್ತೆ ಮೂವತ್ತು.

ಚೀಲದ ಮೇಲೆ ಕಲ್ಲಿನಾಥನ ಕೈ ಚೆನ್ನಾಗಿಯೇ ಪಳಗಿತ್ತು. ಚೀಲಕ್ಕೇನು, ಅದು ಸಾಯುವುದಿಲ್ಲವಲ್ಲ.

ಒಂದು ಮುಂಜಾನೆ ನಿಜವಾಗಿಯೇ ಒಬ್ಬ ಮುಳುಗಿದ. ಅಜ್ಜಾರ ತೋಳಿನಲ್ಲಿ ಬಲ ಉಳಿದಿರಲಿಲ್ಲ. ಕಲ್ಲಿನಾಥನೇ ಎಳೆದು ತಂದು ಮೆಟ್ಟಿಲ ಮೇಲೆ ಮಲಗಿಸಿ ಒತ್ತತೊಡಗಿದ.

ಆ ಮನುಷ್ಯ ಉಳಿಯಲಿಲ್ಲ.

ಅಂದಿನಿಂದ ಕಲ್ಲಿನಾಥ ಹಿಂದಿನ ಕೋಣೆ ಸೇರಿದ. ಭಕ್ತರ ಜೊತೆ ಊಟದ ಪಂಕ್ತಿಯಲ್ಲಿ ಕೂರಲಿಲ್ಲ, ನದಿ ಕಡೆ ಮುಖ ಹಾಕಲಿಲ್ಲ. ಎರಡು ತಿಂಗಳು ಒಬ್ಬನೇ ರೊಟ್ಟಿ ಮುರಿದು ತಿಂದ. ಯಾರೂ ಅವನನ್ನು ಬೈಯಲಿಲ್ಲ. ತನ್ನ ತಪ್ಪು ತನಗೊಬ್ಬನಿಗೇ ಗೊತ್ತು ಅಂದಮೇಲೆ ಆ ಭಾರ ಇಳಿಸುವುದಾದರೂ ಎಲ್ಲಿ?

ಕೊನೆಗೊಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಬಂದ.

“ಹೊಂಟೇನ್ರಿ ಅಜ್ಜಾರ.”

“ಎಲ್ಲಿಗೆ?”

“ಮನುಷ್ಯಾರಿಲ್ಲದ ಕಡೆ.”

ಅಜ್ಜಾರು ಬೇಡ ಅನ್ನಲಿಲ್ಲ. “ಹೋಗುವಂತಿ. ಅವತ್ತ ಏನಾತು, ಅಷ್ಟು ಹೇಳಿ ಹೋಗು.”

ಕಲ್ಲಿನಾಥ ನೆಲ ನೋಡಿದ. “ಅಂಜಿದ್ನಿರಿ. ಬಾಯಾಗ ಮಂತ್ರ ಬಂತು. ಜಪಕ್ಕ ಕೂತಾಗಿನ ರೂಢಿ, ಕಣ್ಣು ಮುಚ್ಚಿಬಿಟ್ಟೆ. ಮೂವತ್ತಕ್ಕ ನಿಲ್ಲಲಿಲ್ಲ. ನೂರಾ ಎಂಟು ಆದಮ್ಯಾಲೆ ಕಣ್ಣು ತೆಗೆದೆ. ಅಲ್ಲೀತನಕ ಉಸಿರ ಕೊಟ್ಟಿರಲಿಲ್ಲ.”

ಆಮೇಲೆ ತಲೆಯೆತ್ತಿ ಅಜ್ಜಾರ ಮುಖ ನೋಡಿದ.

“ಕೊಟ್ಟಿದ್ರ ಅವ ಉಳೀತಿದ್ನೇನ್ರಿ?”

“ಗೊತ್ತಿಲ್ಲ ತಮ್ಮಾ.”

ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು. ಅಜ್ಜಾರು ಆ ಪೈಕಿ ಅಲ್ಲ.

ಅವರು ಕೊರಳಿನ ನೂರೆಂಟು ಮಣಿಯ ರುದ್ರಾಕ್ಷಿ ಸರ ತೆಗೆದರು. ಅವರ ಗುರುಗಳು ಕೊಟ್ಟ ಸರ ಅದು. ದಾರ ಹರಿದರು. ಮೂವತ್ತು ಮಣಿ ಎಣಿಸಿ, ಮತ್ತೆ ಪೋಣಿಸಿ, ಗಂಟು ಹಾಕಿ ಶಿಷ್ಯನ ಕೈಗಿಟ್ಟರು. ಮಿಕ್ಕವು ಚಾಪೆಯ ಮೇಲೆ ಚೆಲ್ಲಿಕೊಂಡು ಬಿದ್ದಿದ್ದವು.

ಕಲ್ಲಿನಾಥನಿಗೆ ಅಳು ತಡೆಯಲಾಗಲಿಲ್ಲ. “ಉಳಿದ ಎಪ್ಪತ್ತೆಂಟು, ಅಜ್ಜಾರ?”

“ಮೂವತ್ತರ ತನಕ ನೀನೂ ಅವನೂ ಇಬ್ಬರಿದ್ರಿ. ಆಮ್ಯಾಲಿನ ಎಪ್ಪತ್ತೆಂಟು ನೀ ಒಬ್ಬನ ಎಣಿಸಿದಿ. ಎರಡು ತಿಂಗಳಾತು, ಇನ್ನೂ ಎಣಿಸಾಕತ್ತಿ. ಕಣ್ಣು ತೆಗಿ ತಮ್ಮಾ. ಜನ ಸ್ನಾನಕ್ಕ ಇಳಿದಾರ.”