ನಕ್ಷೆಯಲ್ಲಿ ಉಳಿದ ಮನೆ

ಬೆಟ್ಟದ ಮೇಲೊಂದು ಆಶ್ರಮ. ಕೆಳಗೆ ಕಣಿವೆ, ಕಣಿವೆಯಲ್ಲಿ ಹೊಳೆ. ಹೊಳೆಗೆ ಅಣೆಕಟ್ಟು ಕಟ್ಟಿದ ಮೇಲೆ ದಡದ ಹಳ್ಳಿಗಳೆಲ್ಲ ಮುಳುಗಿದವು. ಆಚೆ ಗುಡ್ಡದಲ್ಲಿ ಹೊಸ ರಸ್ತೆ ಬಂತು, ಹೊಸ ಪೇಟೆ ಎದ್ದಿತು.

ಶಿಷ್ಯ ಚಿಕ್ಕೀರನದು ಮುಳುಗಿದ ಹಳ್ಳಿ. ಅವನ ಬಳಿ ಸರ್ವೆಯವರ ಹಳೇ ನಕ್ಷೆಯೊಂದಿತ್ತು. ಬೆಟ್ಟಕ್ಕೆ ಕಂದು ಗೆರೆ, ಹೊಳೆಗೆ ನೀಲಿ, ಮನೆಗೊಂದು ಕರಿ ಚುಕ್ಕೆ. ಅವನು ಮುಟ್ಟಿ ಮುಟ್ಟಿ ಒಂದು ಚುಕ್ಕೆಯ ಹತ್ತಿರ ಕಾಗದವೇ ಸವೆದಿತ್ತು. ಅದು ಅವನ ಅವ್ವನ ಮನೆ.

ಅವ್ವ ಈಗಿಲ್ಲ. ಹೆತ್ತ ಕರುಳಿನ ಮಾತನ್ನೇ ಎಲ್ಲರೂ ಆಡುತ್ತಾರೆ. ಮಗನ ಕರುಳು ಸುಮ್ಮನಿರುತ್ತದೆಯೇ?

ಬೆಟ್ಟ ಇಳಿದು ಊರಿಗೆ ಮರಳುವ ಯಾತ್ರಿಕರಿಗೆ ದಾರಿ ಬರೆದುಕೊಡುವುದು ಚಿಕ್ಕೀರನ ಕೆಲಸ. ಗುರು ಮುಪ್ಪಿನಯ್ಯನವರು ಈಚೆಗಷ್ಟೇ ಒಪ್ಪಿಸಿದ್ದ ಕೆಲಸ.

ಒಂದು ದಿನ ಮುದುಕಿಯೊಬ್ಬಳು ಒದ್ದೆ ಸೀರೆಯಲ್ಲಿ ನಡುಗುತ್ತ ವಾಪಸು ಬಂದಳು.

"ಇವನು ಬರಕೊಟ್ಟ ದಾರಿ ಹಿಡಿದು ಹೋದೆ ಸ್ವಾಮಿ. ಸೀದಾ ನೀರಿಗೆ ಇಳೀತು. ಕಾಲು ಜಾರಿತು. ಮೀನು ಹಿಡಿಯೋರು ಎಳೆದು ಹಾಕದಿದ್ರೆ ನನ್ನ ಕಥೆ ಮುಗೀತಿತ್ತು."

ಗುರುಗಳು ಚೀಟಿ ನೋಡಿದರು. ಅಣೆಕಟ್ಟಿಲ್ಲ, ಹೊಸ ರಸ್ತೆಯಿಲ್ಲ. ಹಳೇ ನಕ್ಷೆಯನ್ನೇ ಇಳಿಸಿಬಿಟ್ಟಿದ್ದಾನೆ. ಪುಣ್ಯಾತ್ಮ, ಅವ್ವನ ಮನೆಯ ಚುಕ್ಕೆಯನ್ನೂ ಬಿಟ್ಟಿಲ್ಲ!

ಅವರು ಬೈಯಲಿಲ್ಲ. "ಚಿಕ್ಕೀರ, ನಿಮ್ಮ ಮನೆ ನೋಡಬೇಕು ಅನ್ನಿಸ್ತಿದೆ. ಕರಕೊಂಡು ಹೋಗಯ್ಯ" ಎಂದರು.

ಇಬ್ಬರೂ ಇಳಿದರು. ದಾರಿ ನೀರಿನ ಅಂಚಿಗೆ ಬಂದು ನಿಂತಿತು.

"ಮುಂದೆ?"

"ಹುಣಸೆಮರದಿಂದ ಎಡಕ್ಕೆ," ಎಂದ ಚಿಕ್ಕೀರ, ನೀರನ್ನೇ ನೋಡುತ್ತ. ಮುಖ ಅರಳಿತ್ತು. "ಅಲ್ಲಿಂದ ಕೂಗಿದರೆ ಅವ್ವನಿಗೆ ಕೇಳಿಸ್ತಿತ್ತು. ಒಲೆ ಮುಂದಿನಿಂದ ಎದ್ದು ಬರ್ತಿದ್ದಳು."

"ಸರಿ, ಹೋಗೋಣ" ಎನ್ನುತ್ತ ಗುರುಗಳು ನೀರಿಗಿಳಿದರು. ಮೊಣಕಾಲು ಮುಳುಗಿತು. ಸೊಂಟ ಮುಳುಗಿತು. ನೀರು ಎದೆಗೆ ಬಂತು. ಅವರು ನಿಲ್ಲಲಿಲ್ಲ.

ಚಿಕ್ಕೀರ ನುಗ್ಗಿ ಹೋಗಿ ತೋಳು ಹಿಡಿದೆಳೆದ. "ಅಯ್ಯಯ್ಯೋ, ಬೇಡಿ ಗುರುಗಳೇ! ಅಲ್ಲಿ ಮನೆ ಇಲ್ಲ!"

ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ದಡದಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

"ಅಲ್ಲಿ ನೀರು ಅಂತ ಬರೆದರೆ ಅವ್ವ ಇನ್ನೊಂದು ಸಲ ಸತ್ತ ಹಾಗೆ. ಹೇಗೆ ಬರೀಲಿ ಗುರುಗಳೇ?"

ಗುರುಗಳು ಪಂಚೆ ಹಿಂಡಿಕೊಂಡರು.

"ಆ ಅಜ್ಜಿ ನಾಳೆ ಊರಿಗೆ ಹೊರಡ್ತಾಳೆ. ಅವಳ ಮನೆ ಬಾಗಿಲಲ್ಲೂ ಒಬ್ಬ ಮಗ ಅವ್ವನ ದಾರಿ ನೋಡ್ತಾ ಕೂತಿದಾನೆ ಕಣಪ್ಪ."